ನಾಲ್ಕನೆಯ ಭಾಗಕ್ಕೊಂದು ಹಾಡು

ಪ್ರತಿಯೊಬ್ಬ ಮನುಷ್ಯನಿಗೂ ಒಂದು ಸಣ್ಣ ಜಂಬ ಇರಬೇಕು ಎಂಬುದು ನನ್ನ ಅಭಿಪ್ರಾಯ. ದೊಡ್ಡ ಜಂಬ ಇಟ್ಟುಕೊಳ್ಳಲು ಆಸ್ತಿ ಬೇಕು, ಅಧಿಕಾರ ಬೇಕು, ಹೌದಪ್ಪಾ ಎನ್ನಲು ಹಿಂದೆ ನಾಲ್ಕು ಜನ ಬೇಕು. ಸಣ್ಣ ಜಂಬಕ್ಕೆ ಅಂಥ ಖರ್ಚಿಲ್ಲ. ನಮ್ಮ ಓಣಿಯಲ್ಲಿ ಒಬ್ಬರಿಗೆ ತಮ್ಮ ಮನೆಯ ಶೇಂಗಾ ಚಟ್ನಿಯ ಜಂಬ, ಇನ್ನೊಬ್ಬರಿಗೆ ಗಡಿಯಾರ ನೋಡದೆ ಸಮಯ ಹೇಳುವ ಜಂಬ. ಅವರು ಹೇಳುವ ಸಮಯ ಸರಿಯಾಗಿರುವುದಿಲ್ಲ, ಆ ಮಾತು ಬೇರೆ. ನನ್ನ ಜಂಬ ಇಷ್ಟೆ: ಯಾವ ಸಂದರ್ಭಕ್ಕೆ ಯಾವ ಹಾಡು ಹಚ್ಚಬೇಕು ಎಂಬುದನ್ನು ಬೈಲಹೊಂಗಲದಿಂದ ರಾಮದುರ್ಗದವರೆಗೆ ನನ್ನಷ್ಟು ತಿಳಿದವರು ಇನ್ನೊಬ್ಬರಿಲ್ಲ. ಈ ಮಾತನ್ನು ಬೇರೆಯವರು ಹೇಳಲಿ ಎಂದು ಬಹಳ ವರ್ಷ ಕಾದೆ. ಯಾರೂ ಹೇಳಲಿಲ್ಲವಾದ್ದರಿಂದ ಈಗ ನಾನೇ ಹೇಳುತ್ತಿದ್ದೇನೆ.

ನಮ್ಮದು ಪೌರೋಹಿತ್ಯದ ಮನೆತನ. ಅಜ್ಜ ಮಂತ್ರ ಹೇಳಿದರೆ ಮೂರನೆಯ ಓಣಿಗೆ ಕೇಳಿಸುತ್ತಿತ್ತಂತೆ. ಅಪ್ಪನ ಕಾಲಕ್ಕೆ ಅದು ಎರಡನೆಯ ಓಣಿಗೆ ಇಳಿಯಿತು. ನನ್ನ ದನಿ ಪಡಸಾಲೆಯಿಂದ ಅಡುಗೆಮನೆ ಮುಟ್ಟುವುದೂ ಕಷ್ಟವೆಂದು ಗೊತ್ತಾದ ಮೇಲೆ ನಾನು ಬೈಲಹೊಂಗಲದ ಪೇಟೆಯಲ್ಲಿ ಮೈಕ್ ಸೆಟ್ಟಿನ ಅಂಗಡಿ ತೆರೆದೆ. ಮಂತ್ರ ಹೇಳುವವರ ಮುಂದೆ ಮೈಕ್ ಇಡುವುದೂ ಒಂದು ಬಗೆಯ ಪೌರೋಹಿತ್ಯವೇ ಎಂದು ಅಪ್ಪನನ್ನು ಒಪ್ಪಿಸಲು ನೋಡಿದೆ. ಅವರು ಒಪ್ಪಲಿಲ್ಲ. ಆದರೆ ಅವರ ಎಪ್ಪತ್ತನೆಯ ವರ್ಷದ ಶಾಂತಿಗೆ ನನ್ನದೇ ಸೆಟ್ಟು ಬಂತು, ಪುರೋಹಿತರು ಒಂದಕ್ಷರ ನುಂಗಿದ್ದೂ ಊರಿಗೆಲ್ಲ ಕೇಳಿಸಿತು. ಅಂದಿನಿಂದ ಜನ ನನ್ನನ್ನು ಮೈಕ್ ಆಚಾರ್ರು ಎನ್ನುತ್ತಾರೆ. ಶ್ರೀಪಾದ ಎಂಬ ನನ್ನ ಹೆಸರು ಈಗ ಆಧಾರ್ ಕಾರ್ಡಿನಲ್ಲಿ ಮಾತ್ರ ಉಳಿದಿದೆ.

ಹಾಡು ಆರಿಸುವುದು ಸುಲಭದ ಕೆಲಸವೆಂದು ತಿಳಿದವರು ಒಂದು ಮದುವೆಯಲ್ಲಿ ನನ್ನ ಪಕ್ಕ ಕೂತು ನೋಡಬೇಕು. ಬೀಗರು ಬಂದಾಗ ಸನಾದಿ. ಅದೂ ಎಂಥ ಸನಾದಿ? ಬೀಗರು ಬಸ್ಸಿನಲ್ಲಿ ಮೂರು ತಾಸು ಕೂತು ಬಂದಿದ್ದರೆ ನಿಧಾನದ್ದು, ಊರಲ್ಲೇ ಇಳಿದುಕೊಂಡಿದ್ದರೆ ಚುರುಕಿನದು. ಊಟದ ಪಂಕ್ತಿ ಕೂತಾಗ ದೇವರ ನಾಮ. ಆದರೆ ಹೋಳಿಗೆ ಬಡಿಸುವ ಹೊತ್ತಿಗೆ ವೈರಾಗ್ಯದ ಪದ ಬರಬಾರದು, ಎರಡನೆಯ ಹೋಳಿಗೆ ಬೇಡವೆನ್ನುವವರು ಹೆಚ್ಚಾಗುತ್ತಾರೆ. ಮಗಳನ್ನು ಕಳಿಸಿಕೊಡುವಾಗಿನ ಹಾಡು ತಾಯಿ ಒಂದು ಸಲ ಅಳುವಷ್ಟಿರಬೇಕು. ಎರಡು ಸಲ ಅಳುವಷ್ಟಿದ್ದರೆ ಗಾಡಿ ಹೊರಡುವುದು ತಡವಾಗುತ್ತದೆ. ಇದೆಲ್ಲ ಯಾವ ಶಾಸ್ತ್ರದಲ್ಲೂ ಬರೆದಿಲ್ಲ. ನನ್ನ ಅಂದಾಜು ತಪ್ಪಿದ್ದು ಒಂದೇ ಸಲ, ಸುರೇಬಾನದಲ್ಲಿ, ಹೆಡ್ ಮಾಸ್ತರರೊಬ್ಬರ ನಿವೃತ್ತಿಯ ಸಮಾರಂಭದಲ್ಲಿ. ಬೀಳ್ಕೊಡುಗೆ ಅಂದರಲ್ಲ ಎಂದು ದೂರ ಪಯಣದ ಹಾಡೊಂದನ್ನು ಹಚ್ಚಿದೆ. ಕೊರಳ ತುಂಬ ಹಾರ ಹಾಕಿಸಿಕೊಂಡು ಕಣ್ಣು ಮುಚ್ಚಿ ಕೂತಿದ್ದ ಮಾಸ್ತರರನ್ನು ನೋಡಿ ಅವರ ಮನೆಯವರು ಗಾಬರಿಯಾಗಿ ಭುಜ ಹಿಡಿದು ಅಲ್ಲಾಡಿಸಿದರು. ಅಂದಿನಿಂದ ಬೀಳ್ಕೊಡುಗೆಗೆ ದೇಶಭಕ್ತಿ ಗೀತೆ ಹಚ್ಚುತ್ತೇನೆ, ಯಾರೂ ಗಾಬರಿಯಾಗುವುದಿಲ್ಲ.

ನನ್ನ ಜೀವಮಾನದ ಅತ್ಯುತ್ತಮ ಆಯ್ಕೆ ಯಾವುದೆಂದು ಕೇಳಿದರೆ ಮೊನ್ನೆ ಮೊನ್ನೆಯವರೆಗೆ ನನ್ನಲ್ಲಿ ಒಂದೇ ಉತ್ತರವಿತ್ತು: ನನ್ನ ಹೆಂಡತಿಯ ಹೆಸರು. ಮೂವತ್ತು ವರ್ಷದ ಹಿಂದಿನ ಮಾತು. ನನ್ನ ಮದುವೆಗೆ ಮೈಕ್ ಸೆಟ್ಟು ನನ್ನದೇ. ಬಾಸಿಂಗ ಕಟ್ಟಿಕೊಂಡು ಕೂತವನು, ಮೈಕ್ ಕುಯ್ಯೆಂದಾಗ ಎರಡು ಸಲ ಎದ್ದು ಹೋಗಿ ಸರಿ ಮಾಡಿ ಬಂದಿದ್ದೆ. ಮನೆ ತುಂಬಿಸಿಕೊಳ್ಳುವಾಗ ನನ್ನ ತಂಗಿಯಂದಿರು ಬಾಗಿಲಿಗೆ ಅಡ್ಡ ನಿಂತರು. ನಮ್ಮ ಕಡೆ ಹೊಸ ಸೊಸೆ ಗಂಡನ ಹೆಸರನ್ನು ಪ್ರಾಸದಲ್ಲಿ ಕೂಡಿಸಿ ಒಡಪು ಹೇಳದೆ ಹೊಸ್ತಿಲು ದಾಟುವ ಹಾಗಿಲ್ಲ. ಆಕೆ ತಲೆ ತಗ್ಗಿಸಿ, "ಯರಗಟ್ಟಿ ಪ್ಯಾಟ್ಯಾಗ ಕೊಂಡೀನಿ ಕೆಂಪನ್ನ ಕುಬಸಾ, ಶ್ರೀಪಾದರಾಯರ ಹೆಸರ ಹೇಳೂದು ನನಗ ಬಲು ಸೊಗಸಾ" ಎಂದಳು. ಆ ಒಡಪು ನಾಲ್ಕು ಓಣಿಗೆ ಕೇಳಿಸಿತು, ಏಕೆಂದರೆ ಆಕೆಯ ಬಾಯ ಮುಂದೆ ಮೈಕ್ ಹಿಡಿದವನು ನಾನೇ. ಒಳಗೆ ಹೋದ ಮೇಲೆ ತಟ್ಟೆಯಲ್ಲಿ ಅಕ್ಕಿ ಹರವಿ, ಉಂಗುರದಿಂದ ಸೊಸೆಯ ಹೊಸ ಹೆಸರು ಬರೆಯುವ ಶಾಸ್ತ್ರ. ಆಕೆಯ ತವರಿನ ಹೆಸರು ಮಲಪ್ರಭಾ. ರಾಮದುರ್ಗದ ಹೊಳೆಯ ದಂಡೆಯ ಮನೆಯವರು, ಹೊಳೆಯ ಹೆಸರನ್ನೇ ಮಗಳಿಗೆ ಇಟ್ಟಿದ್ದರು. ಕರೆಯಲು ಅದು ತುಸು ಉದ್ದವಾಯಿತು ಎನಿಸಿತು. ಆಗ ನನ್ನ ಟೇಪಿನಲ್ಲಿ ದಿನಕ್ಕೆ ಹತ್ತು ಸಲ ತಿರುಗುತ್ತಿದ್ದ ಹಾಡೊಂದಿತ್ತು, ಅದರ ನಾಯಕಿಯ ಹೆಸರು ಪೂರ್ಣಿಮಾ. ಅಕ್ಕಿಯಲ್ಲಿ ಅದನ್ನೇ ಬರೆದೆ. ಹೊರಗೆ ಅದೇ ಹಾಡು ಬರುವ ಹಾಗೆ ಮೊದಲೇ ಹೊಂದಿಸಿಟ್ಟಿದ್ದೆ. ಹೆಸರಿಗೆ ಹಾಡು, ಹಾಡಿಗೆ ಹೆಸರು. ಕರೆಯುವುದರಲ್ಲಿ ಒಂದಕ್ಷರ ಉಳಿತಾಯ ಬೇರೆ. ಈ ಕಥೆಯನ್ನು ನಾನು ಯರಗಟ್ಟಿಯ ಹೋಟೆಲುಗಳಲ್ಲಿ, ಸವದತ್ತಿಯ ಬಸ್ ಸ್ಟ್ಯಾಂಡಿನಲ್ಲಿ, ಕೇಳಿದವರಿಗೂ ಕೇಳದವರಿಗೂ ಎಷ್ಟು ಸಲ ಹೇಳಿದ್ದೇನೋ ನೆನಪಿಲ್ಲ. ಆ ಸಂಜೆ ಆಕೆ ನಕ್ಕಳೋ ಇಲ್ಲವೋ ಎಂಬುದೂ ನೆನಪಿಲ್ಲ. ನಾನು ಸ್ಪೀಕರಿನ ಕಡೆ ನೋಡುತ್ತಿದ್ದೆ.

ಈಗ ವಿಷಯಕ್ಕೆ ಬರುತ್ತೇನೆ. ಇವಳು ಎರಡು ವರ್ಷದಿಂದ ಒಂದು ಓದುವ ಬಳಗಕ್ಕೆ ಹೋಗುತ್ತಾಳೆ. ಕಿತ್ತೂರಿನ ಕಡೆಯ ಕಾಲೇಜೊಂದರಲ್ಲಿ ಪಾಠ ಹೇಳುವ ಪಾಟೀಲ ಮೇಡಂ ಕಟ್ಟಿದ ಬಳಗ. ಹತ್ತು ಜನ ಹೆಂಗಸರು, ತಿಂಗಳಿಗೊಂದು ಪುಸ್ತಕ. ಮೊದಮೊದಲು ನಾನು ಇದನ್ನು ಉಪ್ಪಿಟ್ಟು ತಿನ್ನುವ ಬಳಗವೆಂದು ತಿಳಿದಿದ್ದೆ. ಈ ಸಲ ಅವರು ಹಿಡಿದದ್ದು ಅನುವಾದವಾಗಿ ಬಂದ ಒಂದು ಕಾದಂಬರಿ. ಅದರ ಹೆಸರು ನಾನು ಹೇಳುವುದಿಲ್ಲ. ಹೇಳಿದರೆ ನೀವು ಹುಡುಕಿ ಓದುತ್ತೀರಿ, ಓದಿದರೆ ನಾನು ಕಥೆಯನ್ನು ಎಲ್ಲೆಲ್ಲಿ ತಪ್ಪು ಹೇಳಿದೆ ಎಂಬುದು ಗೊತ್ತಾಗುತ್ತದೆ. ಮುಂದೆಂದೋ ಬರಲಿರುವ ಕಾಲ, ಎಲ್ಲಿಯದೋ ಒಂದು ದೇಶ. ಅಲ್ಲಿ ಮೊದಲು ಮನೆಗಳ ಕಿಟಕಿಗೆ ಸರ್ಕಾರದವರು ಹಲಗೆ ಬಡಿಯುತ್ತಾರೆ, ಹೆಂಗಸರು ಹೊರಗೆ ನೋಡಬಾರದು ಎಂದು. ಆಮೇಲೆ ಕನ್ನಡಿಗಳನ್ನು ಒಯ್ಯುತ್ತಾರೆ, ತಮ್ಮನ್ನು ತಾವೂ ನೋಡಬಾರದು ಎಂದು. ಮೂರನೆಯ ಭಾಗದಲ್ಲಿ ಇಬ್ಬರು ಹೆಂಗಸರು ಕೂಡಿ ಮಾತಾಡುವುದೂ ಬಂದ್. ನಾಲ್ಕನೆಯದರಲ್ಲಿ ಅವರೆಲ್ಲ ಸಾಲಾಗಿ ಕಚೇರಿಗೆ ಹೋಗಿ, ಹೆಸರು ಬರೆದ ಚೀಟಿಯನ್ನು ಒಂದು ತಟ್ಟೆಯಲ್ಲಿ ಹಾಕಿ, ಮನೆಯ ನಂಬರನ್ನೇ ಹೆಸರಾಗಿ ಪಡೆದು ಬರುತ್ತಾರೆ. ಐದನೆಯದರಲ್ಲಿ ಕೆಲವರು ತಪ್ಪಿಸಿಕೊಂಡು ಹೋಗುತ್ತಾರೆ. ಇವಳು ಓದಿ ಹೇಳುತ್ತಿದ್ದಾಗ ನನ್ನ ರಕ್ತ ಕುದಿಯಿತು. "ಎಂಥಾ ರಾಕ್ಷಸರು ಇದ್ದಾರಲ್ಲ, ಹೆಸರೂ ಬಿಡೂದಿಲ್ಲಂದ್ರ" ಎಂದೆ. ಇವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಚಹಾದ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಆ ಪುಸ್ತಕದ ಮೇಲೆ ಕಿತ್ತೂರಿನಲ್ಲಿ ಒಂದು ಕಾರ್ಯಕ್ರಮ ಮಾಡುವುದೆಂದು ಬಳಗ ನಿರ್ಧರಿಸಿತು. ಬರೀ ಭಾಷಣವಾದರೆ ಜನ ಬರುವುದಿಲ್ಲ, ಬಂದವರೂ ಚಹಾ ಕುಡಿದು ಹೋಗುತ್ತಾರೆ. ಆದ್ದರಿಂದ ಪುಸ್ತಕದ ಒಂದೊಂದು ಭಾಗಕ್ಕೂ ತಕ್ಕ ಒಂದೊಂದು ಹಾಡು ಹುಡುಕಿ, ಅದರ ಜೊತೆ ಒಬ್ಬೊಬ್ಬರು ಮಾತಾಡಬೇಕು ಎಂದು ಪಾಟೀಲ ಮೇಡಂ ಯೋಚಿಸಿದರು. ಅವರು ನನ್ನನ್ನು ಕೇಳಿದ್ದು ಮೈಕಿಗೆ ಮಾತ್ರ. ಆದರೆ ಹಾಡು ಎಂಬ ಮಾತು ಕಿವಿಗೆ ಬಿದ್ದ ಮೇಲೆ ನಾನು ಸುಮ್ಮನಿರುವುದುಂಟೆ? "ಮೇಡಂ, ಹಾಡಿನ ಚಿಂತಿ ನನಗ ಬಿಡ್ರಿ. ನೀವು ಭಾಷಣ ಅಷ್ಟ ನೋಡ್ಕೋರಿ" ಎಂದುಬಿಟ್ಟೆ. ಮೇಡಂ ಇವಳ ಕಡೆ ನೋಡಿದರು. ಇವಳು, "ಮಾಡ್ಲಿ ಬಿಡ್ರಿ. ಅವರಿಗೆ ಅಭ್ಯಾಸ ಅದ" ಎಂದಳು. ಅದರಲ್ಲಿ ಹೊಗಳಿಕೆ ಎಷ್ಟಿತ್ತು ಎಂಬುದನ್ನು ನಾನು ಆಗ ವಿಚಾರಿಸಲಿಲ್ಲ.

ಎರಡೇ ದಿನದಲ್ಲಿ ಐದು ಹಾಡು ಆರಿಸಿ ಪೆನ್ ಡ್ರೈವಿನಲ್ಲಿ ತುಂಬಿಕೊಂಡು, ಬಳಗದವರು ನಮ್ಮ ಪಡಸಾಲೆಯಲ್ಲಿ ಸೇರಿದಾಗ ಗತ್ತಿನಿಂದ ಹಚ್ಚಿದೆ. ಮುಚ್ಚಿದ ಕಿಟಕಿಗೆ ನಾನು ಹಿಡಿದದ್ದು ಪಂಜರದ ಗಿಳಿಯ ಹಾಡು, ಅದು ಹಾಗೂ ಹೀಗೂ ಪಾಸಾಯಿತು. ಕನ್ನಡಿಯ ಭಾಗಕ್ಕೆ ನಾಯಕಿಯ ಮೋರೆಯನ್ನು ನಾಯಕ ಹತ್ತು ಹದಿನೈದು ಬಗೆಯಲ್ಲಿ ಹೊಗಳುವ ಹಾಡು ಹಚ್ಚಿದೆ. ಬಳಗದ ಹಿರಿಯಳು ಈರವ್ವ ಕಾಕು, ಎಂ.ಕೆ. ಹುಬ್ಬಳ್ಳಿಯ ಹತ್ತಿರ ಕಬ್ಬಿನ ಹೊಲ ಇರುವ ಮನೆಯಾಕೆ, ಎಪ್ಪತ್ತರ ಮೇಲೆ ವಯಸ್ಸು. ಹಾಡು ಮುಗಿಯುವವರೆಗೆ ತಾಳ್ಮೆಯಿಂದ ಕೇಳಿ, "ಆಚಾರ್ರ, ಚಲೋ ಐತ್ರಿ ಹಾಡು. ಅವ ಅಕಿ ಮಾರಿ ನೋಡಾಕತ್ತಾನ, ಖರೇ. ಅಕಿ ತನ್ನ ಮಾರಿ ತಾ ನೋಡ್ಕೊಳ್ಳೂದು ಯಾವಾಗರೀ?" ಎಂದಳು. ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ, ನಗದಿದ್ದರೆ ಮಾನ ಹೋಗುತ್ತಿತ್ತು. ಕಡೆಗೆ ಆ ಭಾಗಕ್ಕೆ ಕಾಕು ತಾನೇ ಒಂದು ಬೀಸುವ ಪದ ಹಾಡುವುದೆಂದು ತೀರ್ಮಾನವಾಯಿತು.

ಮಾತು ಬಂದಾದ ಮೂರನೆಯ ಭಾಗಕ್ಕೆ ನಾನು ತಂದಿದ್ದ ವಿರಹದ ಹಾಡನ್ನು ಯಾರೂ ಪೂರ್ತಿ ಕೇಳಲಿಲ್ಲ. ಪುಸ್ತಕದಲ್ಲಿ ಆ ಹೆಂಗಸರು ಗೋಡೆ ಬಡಿದು ಬಡಿದೇ ಒಬ್ಬರಿಗೊಬ್ಬರು ಸುದ್ದಿ ಹೇಳುತ್ತಾರಂತೆ. ಅದಕ್ಕೆ ಇವಳು, "ರೊಟ್ಟಿ ಬಡಿಯೂ ಸಪ್ಪಳ ಹಚ್ರಿ" ಎಂದಳು. ನಾನು ತಮಾಷೆ ಎಂದುಕೊಂಡೆ. "ತಮಾಷಿ ಅಲ್ಲ. ನಮ್ಮ ಓಣ್ಯಾಗ ಯಾರ ಮನ್ಯಾಗ ಜಗಳ ಆಗೇದ, ಯಾರ ಮಗಳು ತವರಿಗೆ ಬಂದಾಳ, ರೊಟ್ಟಿ ಬಡಿಯೂದು ಕೇಳಿ ನಾ ಕುಂತಲ್ಲೆ ಹೇಳತೇನಿ" ಎಂದಳು. ಉಳಿದವರೆಲ್ಲ ಅದರಲ್ಲೇನು ವಿಶೇಷ ಎಂಬಂತೆ ತಲೆಯಾಡಿಸಿದರು. ನಾನು ಆ ಓಣಿಯಲ್ಲೇ ಹುಟ್ಟಿ ಬೆಳೆದವನು, ದಿನಕ್ಕೆ ಮೂರು ರೊಟ್ಟಿ ತಪ್ಪದೆ ತಿಂದವನು, ಸಪ್ಪಳ ಕೇಳುವುದೇ ಕಸುಬಾದವನು. ನನ್ನ ಕಿವಿಗೆ ಅದು ಯಾವತ್ತೂ ಬರೀ ರೊಟ್ಟಿಯೇ ಆಗಿತ್ತು. ಮರುದಿನ ಅಡುಗೆಮನೆಯಲ್ಲಿ ಮೈಕ್ ಇಟ್ಟು ಧ್ವನಿಮುದ್ರಣ ಮಾಡಿದೆ. ನಾಲ್ಕನೆಯ ರೊಟ್ಟಿ ಬಹಳ ಜೋರಾಗಿ ಬಂತು. ಯಾಕೆ ಎಂದು ಕೇಳಿದರೆ, "ನೀವು ವೈರ್ ತಂದು ಹಾಲಿನ ಗಿಂಡಿ ಮ್ಯಾಲೆ ಇಟ್ಟೀರಿ" ಎಂದಳು.

ಉಳಿದದ್ದು ನಾಲ್ಕನೆಯ ಭಾಗ, ಹೆಸರು ಕೊಟ್ಟು ಬರುವುದು. ಅದರ ಮೇಲೆ ಮಾತಾಡುವವಳು ಇವಳೇ ಎಂದು ಬಳಗದಲ್ಲಿ ನಿಶ್ಚಯವಾಗಿತ್ತು. ಇವಳೇ ಕೇಳಿ ಪಡೆದಿದ್ದಳು. ಆಗ ಶುರುವಾಯಿತು ನನ್ನ ಕಷ್ಟ. ಹುತಾತ್ಮರ ಹೆಸರು ಬರುವ ಹಾಡು ತಂದೆ, ಬೇಡವೆಂದಳು. ತಾಯಿ ಮಗುವಿಗೆ ಹೆಸರಿಡುವ ಜೋಗುಳ ತಂದೆ, ಒಂದು ನಿಮಿಷ ಕೇಳಿ, "ಹತ್ರ ಅದ, ಆದ್ರ ಇದಲ್ಲ" ಎಂದಳು. ಮೂರು ವಾರ ನಾನು ಹುಡುಕಿದ್ದೇ ಹುಡುಕಿದ್ದು. ಸವದತ್ತಿಯಲ್ಲಿ ಹಳೆಯ ಕ್ಯಾಸೆಟ್ ಕೂಡಿಟ್ಟ ಗೆಳೆಯನ ಮನೆಯಲ್ಲಿ ಒಂದು ಇಡೀ ದಿನ ಧೂಳು ತಿಂದು ಬಂದೆ. ಮೂವತ್ತು ವರ್ಷದಲ್ಲಿ ಗಿರಾಕಿ ನನ್ನ ಹಾಡನ್ನು ಬೇಡವೆಂದು ಹಿಂದಿರುಗಿಸಿದ್ದಿಲ್ಲ, ಈಗ ಮನೆಯಲ್ಲೇ ಹನ್ನೊಂದು ಹಾಡು ಹಿಂದಿರುಗಿದ್ದವು. ಕಡೆಗೆ ಬ್ರಹ್ಮಾಸ್ತ್ರವೆಂದು ನಮ್ಮ ಮದುವೆಯ ದಿನದ ಆ ಪೂರ್ಣಿಮಾ ಹಾಡನ್ನೇ ಹಚ್ಚಿದೆ. ಹೆಸರಿನ ಮೇಲೆ ಇದಕ್ಕಿಂತ ಒಳ್ಳೆಯ ಹಾಡು ಯಾವುದಿದೆ? ಇವಳು ಕೈಯಲ್ಲಿದ್ದ ಪುಸ್ತಕ ಮುಚ್ಚಿ, "ಆ ಭಾಗಕ್ಕ ಏನೂ ಹಚ್ಚಬ್ಯಾಡ್ರಿ. ಮೈಕ್ ಅಷ್ಟ ಚಾಲೂ ಇಡ್ರಿ. ನನ್ನ ಕಡೆ ಒಂದು ಅದ, ನಾನ ಹೇಳತೇನಿ" ಎಂದಳು. ಏನದು ಎಂದು ಕೇಳಿದೆ. ಹೇಳಲಿಲ್ಲ. ನನಗೆ ಬೇಸರವಾಯಿತು, ಸುಳ್ಳೇಕೆ ಹೇಳಲಿ.

ಕಾರ್ಯಕ್ರಮದ ದಿನ ಟೆಂಪೋದಲ್ಲಿ ಸ್ಪೀಕರು, ವೈರು, ಇವಳು, ನಾನು ಎಲ್ಲ ಏರಿ ಬೆಳಿಗ್ಗೆಯೇ ಹೊರಟೆವು. ಎಂ.ಕೆ. ಹುಬ್ಬಳ್ಳಿಗೆ ಹೋಗಿ ಈರವ್ವ ಕಾಕುವನ್ನು ಕರೆದುಕೊಂಡು ಕಿತ್ತೂರಿಗೆ ಹೋಗುವುದು. ಕಬ್ಬಿನ ಹಂಗಾಮು. ಫ್ಯಾಕ್ಟರಿಯ ರಸ್ತೆಯಲ್ಲಿ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿದ್ದವು. ಒಂದೊಂದು ಟ್ರ್ಯಾಕ್ಟರಿನ ಮೇಲೂ ನನ್ನ ಅಂಗಡಿಯಲ್ಲಿ ಇಲ್ಲದಷ್ಟು ದೊಡ್ಡ ಸ್ಪೀಕರು, ಒಂದೊಂದರಲ್ಲೂ ಎದೆ ಗುದ್ದುವ ಹಾಡು. ಅವರ ಅಭಿರುಚಿಯ ಬಗ್ಗೆ ನಾನು ಸಾಕಷ್ಟು ಬೈದೆ. ಐದನೆಯ ಭಾಗಕ್ಕೆ, ಅಂದರೆ ಆ ಹೆಂಗಸರು ತಪ್ಪಿಸಿಕೊಂಡು ಹೋಗುವುದಕ್ಕೆ, ನಾನು ಗಂಭೀರವಾದ ವೀರಗೀತೆಯೊಂದನ್ನು ಇಟ್ಟಿದ್ದೆ. ಟೆಂಪೋ ಏರಿ ಕೂತ ಈರವ್ವ ಕಾಕು ಟ್ರ್ಯಾಕ್ಟರ್ ಹಾಡಿಗೆ ಮೊಣಕಾಲ ಮೇಲೆ ತಾಳ ಹಾಕುತ್ತ, "ಓಡಿ ಹೋಗೂ ಮುಂದ ಯಾರರೆ ಅಷ್ಟು ಸಾವಕಾಶ ಹಾಡತಾರೇನ್ರಿ ಆಚಾರ್ರ? ಇದನ್ನ ಹಚ್ಚರಿ, ಕಾಲು ತಾನ ಓಡತಾವ" ಎಂದಳು. ಕಬ್ಬಿನ ಟ್ರ್ಯಾಕ್ಟರಿನ ಡ್ರೈವರನೊಬ್ಬನ ಫೋನಿನಿಂದ ಆ ಹಾಡನ್ನು ನನ್ನ ಫೋನಿಗೆ ಹಾಕಿಸಿಕೊಳ್ಳುವ ಪ್ರಸಂಗ ಬಂತು. ಅವನು ನನ್ನನ್ನು ಗುರುತು ಹಿಡಿದು, "ಏನ್ರೀ ಮೈಕ್ ಆಚಾರ್ರ, ನಿಮ್ಮ ಕಡೆ ಹಾಡು ಖಾಲಿ ಆದ್ವೇನು?" ಎಂದ.

ಕಿತ್ತೂರಿನ ಸಭಾಂಗಣ ಮಧ್ಯಾಹ್ನದ ಹೊತ್ತಿಗೆ ತುಂಬಿತು. ಮುಂದಿನ ಸಾಲುಗಳಲ್ಲಿ ಹೆಂಗಸರು, ಹಿಂದೆ ಅವರನ್ನು ಕರೆತಂದ ಗಂಡಸರು. ಕಿಟಕಿಯಾಯಿತು. ಈರವ್ವ ಕಾಕುವಿನ ಬೀಸುವ ಪದವಾಯಿತು, ಆ ದನಿಗೆ ಮೈಕೇ ಬೇಕಿರಲಿಲ್ಲ. ರೊಟ್ಟಿಯ ಸಪ್ಪಳ ಹಚ್ಚಿದಾಗ ಇಡೀ ಸಭೆ ಕಿವಿಯಾಗಿ ಕೂತಿತು. ನಾಲ್ಕನೆಯ ರೊಟ್ಟಿ ಜೋರಾಗಿ ಬಂದಾಗ ಮುಂದಿನ ಸಾಲಿನವರು ಪರಸ್ಪರ ನೋಡಿಕೊಂಡು ನಕ್ಕರು, ಹಿಂದಿನ ಗಂಡಸರಿಗೆ ಏನೆಂದು ತಿಳಿಯಲಿಲ್ಲ. ಆಮೇಲೆ ಹೆಸರಿನ ಭಾಗ. ಬಳಗದ ಹತ್ತೂ ಜನ ಬೂದಿ ಬಣ್ಣದ ಒಂದೇ ಥರದ ಶಾಲು ಹೊದ್ದು, ಕೈಯಲ್ಲಿ ಚೀಟಿ ಹಿಡಿದು ಸಾಲಾಗಿ ವೇದಿಕೆಗೆ ಬರುವುದು, ಮೇಜಿನ ಮೇಲಿನ ಸ್ಟೀಲಿನ ತಟ್ಟೆಯಲ್ಲಿ ಚೀಟಿ ಹಾಕಿ ಪಕ್ಕಕ್ಕೆ ಸರಿಯುವುದು, ಕಡೆಗೆ ಇವಳು ಬಂದು ಮಾತಾಡುವುದು. ಅಲ್ಲಿಯವರೆಗೆ ಪೂರ್ತಿ ಮೌನ.

ಮೈಕ್ ಸೆಟ್ಟಿನವನಿಗೆ ಮೌನವೆಂದರೆ ಕರೆಂಟು ಹೋದಂತೆ. ಎರಡು ನಿಮಿಷ ಸದ್ದಿಲ್ಲದಿದ್ದರೆ ಜನ ತಿರುಗಿ ನನ್ನ ಕಡೆ ನೋಡುತ್ತಾರೆ, ಅದನ್ನು ಸಹಿಸುವ ಶಕ್ತಿ ನನಗಿಲ್ಲ. ಇವಳು ಬೇಡವೆಂದಿದ್ದರೂ, ಇರಲಿ ಎಂದು ಸಣ್ಣಗೆ ಅಳುವ ಒಂದು ಕೊಳಲನ್ನು ಲ್ಯಾಪ್ ಟಾಪಿನಲ್ಲಿ ಸಿದ್ಧವಾಗಿ ಇಟ್ಟುಕೊಂಡಿದ್ದೆ. ಆದರೆ ಕೈ ಎಂಬುದಿದೆಯಲ್ಲ, ಅದು ನನ್ನ ಮಾತಿಗಿಂತ ಮೂವತ್ತು ವರ್ಷದ ರೂಢಿಯ ಮಾತನ್ನೇ ಹೆಚ್ಚು ಕೇಳುತ್ತದೆ. ತಲೆ ತಗ್ಗಿಸಿದ ಹೆಂಗಸರು ಸಾಲಾಗಿ ಬರುವುದು ಕಂಡಿತು, ಎದುರಿಗೆ ತಟ್ಟೆ ಕಂಡಿತು. ಕೈ ತಾನೇ ಹೋಗಿ ಸನಾದಿ ಹಚ್ಚಿಬಿಟ್ಟಿತು. ಮದುವೆಯ ಸನಾದಿ, ನಿಧಾನದ್ದು. ನನ್ನ ಹಳೆಯ ಕ್ಯಾಸೆಟ್ಟಿನಿಂದ ಇಳಿಸಿಕೊಂಡದ್ದು, ನಮ್ಮ ಮದುವೆಯಲ್ಲಿ ಇವಳು ನಮ್ಮ ಮನೆಯ ಬಾಗಿಲಿಗೆ ಬಂದಾಗಲೂ ಬಂದದ್ದು.

ಹಿಂದಿನ ಸಾಲಿನ ಗಂಡಸರು ಗೊಳ್ಳೆಂದು ನಕ್ಕರು. ನಿಲ್ಲಿಸಲು ಹೋದ ಕೈಯನ್ನು ಹಿಂದಕ್ಕೆ ಎಳೆದುಕೊಂಡೆ. ಅರ್ಧಕ್ಕೆ ನಿಲ್ಲಿಸಿದರೆ ತಪ್ಪೆಂದು ಗೊತ್ತಾಗುತ್ತದೆ, ಪೂರ್ತಿ ಹಚ್ಚಿದರೆ ಉದ್ದೇಶವೆಂದು ತಿಳಿಯುತ್ತಾರೆ, ಇದು ನಮ್ಮ ಕಸುಬಿನ ಗುಟ್ಟು. ಆದರೆ ಮುಂದಿನ ಸಾಲಿನ ಹೆಂಗಸರು ಯಾರೂ ನಗುತ್ತಿರಲಿಲ್ಲ. ವೇದಿಕೆಯ ಮೇಲಿನವರ ಹೆಜ್ಜೆ ಆ ಸನಾದಿಗೆ ತಾನೇ ಹೊಂದಿಕೊಂಡು ನಿಧಾನವಾಯಿತು. ಒಬ್ಬೊಬ್ಬರೇ ಬಂದು ತಟ್ಟೆಯಲ್ಲಿ ಚೀಟಿ ಹಾಕಿ ಸರಿಯುತ್ತಿದ್ದರು. ಮೂರನೆಯ ಚೀಟಿ ಬೀಳುವ ಹೊತ್ತಿಗೆ ಹಿಂದಿನ ನಗು ನಿಂತಿತು. ಆರನೆಯ ಚೀಟಿಗೆ ಮುಂದಿನ ಸಾಲಿನ ಒಬ್ಬಾಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆ ತಟ್ಟೆ ಯಾವುದು ಎಂದು ನನಗೂ ಆಗ ಹೊಳೆಯಿತು. ಅದರಲ್ಲಿ ಅಕ್ಕಿ ಇರಲಿಲ್ಲ ಅಷ್ಟೆ.

ಕಡೆಗೆ ಇವಳು ಬಂದಳು. ಚೀಟಿಯನ್ನು ತಟ್ಟೆಯಲ್ಲಿ ಹಾಕಲಿಲ್ಲ. ನನ್ನ ಕಡೆ ನೋಡಿ ಸಾಕು ಎಂಬಂತೆ ಕೈ ಮಾಡಿದಳು. ನಾನು ಸನಾದಿಯನ್ನು ಮೆಲ್ಲಗೆ ಇಳಿಸಿ ನಿಲ್ಲಿಸಿದೆ. ಇವಳು ಶಾಲು ತೆಗೆದು ಮೇಜಿನ ಮೇಲಿಟ್ಟು, ಮೈಕಿನ ಹತ್ತಿರ ಬಂದು, ಬಾಗಿಲಲ್ಲಿ ನಾದಿನಿಯರು ಅಡ್ಡ ನಿಂತಾಗ ಹೇಳುತ್ತಾರಲ್ಲ, ಅದೇ ಧಾಟಿಯಲ್ಲಿ ಒಡಪು ಹೇಳಿದಳು. ಈ ಸಲ ತಲೆ ತಗ್ಗಿಸಿರಲಿಲ್ಲ.

"ರಾಮದುರ್ಗದಾಗ ಹುಟ್ಟೀನಿ, ಹೊಳಿ ನೀರ ಕುಡದೀನಿ,
ಬೈಲಹೊಂಗಲಕ ಬಂದು ಬ್ಯಾರೆ ಹೆಸರ ಪಡದೀನಿ,
ಗಂಡನ ಹೆಸರ ಹೇಳಿ ಹೇಳಿ ನೂರು ಬಾಗಿಲ ದಾಟೀನಿ,
ಇವತ್ತ ನನ್ನ ಹೆಸರ ಹೇಳತೇನಿ, ಮಲಪ್ರಭಾ ಇದ್ದೀನಿ."

ಆಮೇಲೆ ಈರವ್ವ ಕಾಕು ತಾನು ಹಾಕಿದ್ದ ಚೀಟಿಯನ್ನು ತಟ್ಟೆಯಿಂದ ಹುಡುಕಿ ತೆಗೆದುಕೊಂಡು ಕುಬಸದಲ್ಲಿ ಇಟ್ಟುಕೊಂಡಳು. ಚಪ್ಪಾಳೆ ಎಷ್ಟು ಹೊತ್ತು ಬಿತ್ತೆಂದರೆ ಟ್ರ್ಯಾಕ್ಟರ್ ಹಾಡು ಹಚ್ಚುವುದನ್ನೇ ನಾನು ಮರೆತೆ. ನನಗೆ ಹೆಮ್ಮೆಯಾಯಿತು. ಎದ್ದು ನಿಂತು, ನೋಡ್ರಿ, ಅಕಿ ನನ್ನ ಹೆಂಡತಿ ಎಂದು ಮೈಕಿನಲ್ಲಿ ಕೂಗಬೇಕು ಎನ್ನುವಷ್ಟು ಹೆಮ್ಮೆ. ಅದರ ಹಿಂದೆಯೇ ನಾಚಿಕೆಯೂ ಬಂತು. ಎರಡೂ ಒಟ್ಟಿಗೆ ಬಂದಾಗ ಯಾವ ಹಾಡು ಹಚ್ಚಬೇಕು ಎಂಬುದು ನನಗೆ ಇವತ್ತಿಗೂ ತಿಳಿದಿಲ್ಲ.

ಮುಗಿದ ಮೇಲೆ ಪಾಟೀಲ ಮೇಡಂ ನೆಟ್ಟಗೆ ನನ್ನ ಹತ್ತಿರ ಬಂದರು. "ಆಚಾರ್ರೇ, ಆ ಸನಾದಿ ಇಡೋ ವಿಚಾರ ನಿಮಗ ಹೆಂಗ ಹೊಳೀತರಿ? ಪುಸ್ತಕ ನಮ್ಮೆಲ್ಲಾರಕಿಂತ ನೀವ ಚಲೋ ತಿಳಕೊಂಡೀರಿ" ಎಂದರು. ನಾನು ತಲೆ ತಗ್ಗಿಸಿ ವೈರ್ ಸುತ್ತುತ್ತ, "ಅನುಭವ ಅಷ್ಟರೀ ಮೇಡಂ" ಎಂದೆ. ಹೀಗೆ ಬಂದ ಹೊಗಳಿಕೆಯನ್ನು ಬೇಡವೆನ್ನುವಷ್ಟು ದೊಡ್ಡವನು ನಾನಲ್ಲ.

ಹಿಂದಿರುಗುವಾಗ ಕಾಕುವನ್ನು ಇಳಿಸಿದ ಮೇಲೆ ಟೆಂಪೋದಲ್ಲಿ ನಾವಿಬ್ಬರೇ. ಇವಳು, "ಸನಾದಿ ಕೈತಪ್ಪಿ ಹಚ್ಚಿದ್ರಿ, ಹೌದಲ್ರೀ?" ಎಂದಳು. ಮೇಡಂಗೆ ಹೇಳಿದ್ದನ್ನೇ ಹೇಳಲು ಬಾಯಿ ತೆರೆದೆ, ಆಗಲಿಲ್ಲ. ಹೌದು ಎಂದೆ. "ಗೊತ್ತಿತ್ತು. ಆದ್ರೂ ಚಲೋ ಆತು" ಎಂದಳು. ನಾನು ಧೈರ್ಯ ಮಾಡಿ, ಆ ದಿನ ಅಕ್ಕಿಯಲ್ಲಿ ಬರೆಯುವಾಗಲೇ ಬೇಡವೆನ್ನಬಹುದಿತ್ತಲ್ಲ ಎಂದು ಕೇಳಿದೆ. "ಯಾರು ಕೇಳಿದ್ರು ನನ್ನ? ಅಪ್ಪಾ ಅವ್ವಾ ಇರೂತನಕಾ ಅವರರೆ ಕರೀತಿದ್ರು. ತಮ್ಮ ಅಕ್ಕಾ ಅಂತಾನ. ಈಗ ಆ ಹೆಸರಿಲೆ ಕರಿಯೂರು ಯಾರೂ ಉಳಿದಿಲ್ಲ. ಅದಕ್ಕ ನಾನ ಕರಕೊಂಡೆ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಮತ್ತೆ ಹೇಳಿದಳು: "ಹೆಸರು ಬದಲಿ ಮಾಡಿದ್ರಿ, ಆತು. ಎಲ್ಲಾರ ಮನ್ಯಾಗೂ ಮಾಡತಿದ್ರು. ಆದ್ರ ನೀವು ಇಟ್ಟ ಹೆಸರಿಲೆ ಆದ್ರೂ ಒಮ್ಮಿ ಕರದೀರೇನು?"

ನಾನು ಲೆಕ್ಕ ಹಾಕಲು ನೋಡಿದೆ. ಮೂವತ್ತು ವರ್ಷ. ಚಹಾ ಬೇಕಾದಾಗ "ಇಲ್ಲೆ ಕೇಳಿಲ್ಲೆ." ಕನ್ನಡಕ ಸಿಗದಾಗ "ಏ, ಎಲ್ಲಿದ್ದೀ?" ಬೇರೆಯವರ ಎದುರಿಗೆ "ನಮ್ಮ ಮನಿಯವರು." ಸಿಟ್ಟು ಬಂದಾಗ ಬರೀ ಕೆಮ್ಮು. ಒಂದಕ್ಷರ ಉಳಿಸಲೆಂದು ಹೆಸರು ಬದಲಿಸಿದವನು ಆಮೇಲೆ ಉಳಿದ ಮೂರಕ್ಷರವನ್ನೂ ಉಳಿಸಿಬಿಟ್ಟಿದ್ದೆ. ಆ ಪುಸ್ತಕದ ಸರ್ಕಾರದವರಾದರೂ ನಂಬರು ಕೊಟ್ಟು ಆ ನಂಬರಿನಿಂದ ಕರೆಯುತ್ತಿದ್ದರು.

ಅಂದಿನಿಂದ ಒಂದು ಬದಲಾವಣೆ ಮಾಡಿಕೊಂಡಿದ್ದೇನೆ. ಎಲ್ಲಿ ಮೈಕ್ ಕಟ್ಟಿದರೂ ಹಲೋ ಹಲೋ, ಒನ್ ಟೂ ತ್ರೀ ಎನ್ನುವುದನ್ನು ಬಿಟ್ಟಿದ್ದೇನೆ. "ಮಲಪ್ರಭಾ, ಮಲಪ್ರಭಾ" ಎನ್ನುತ್ತೇನೆ. ಮೈಕ್ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಶಬ್ದವಿಲ್ಲ, ಒತ್ತಕ್ಷರವಿದೆ, ಮಹಾಪ್ರಾಣವಿದೆ, ಕಡೆಗೆ ಎಷ್ಟು ಬೇಕಾದರೂ ಎಳೆಯಬಹುದು. ಸವದತ್ತಿಯಲ್ಲಿ ಒಬ್ಬರು, ಇದೇನು ಹೊಳೆಯ ಪೂಜೆಯ ಕಾರ್ಯಕ್ರಮವೇ ಎಂದು ವಿಚಾರಿಸಿದರು. ಅಲ್ಲ, ಮನೆಯವರ ಹೆಸರು ಎಂದೆ. ಎದೆ ಉಬ್ಬಿಸಿಯೇ ಹೇಳಿದೆ. ಕಿತ್ತೂರಿನ ಕಡೆ ಹೋದರೆ ಈಗ ಜನ ನನ್ನನ್ನು ಮೈಕ್ ಆಚಾರ್ರು ಎನ್ನುವುದಿಲ್ಲ, ಆ ಒಡಪು ಹೇಳಿದ ಮಲಪ್ರಭಾ ಅವರ ಯಜಮಾನರು ಎನ್ನುತ್ತಾರೆ. ಜಂಬಕ್ಕೆ ಇದು ಸಾಕಾಗಿದೆ.

ಇಷ್ಟೆಲ್ಲ ಬರೆದು ಮುಗಿಸಿ, ಹೆಮ್ಮೆಯಿಂದ ಅವಳಿಗೆ ಓದಲು ಕೊಟ್ಟೆ. ಪೆನ್ಸಿಲ್ ಹಿಡಿದು ಕೂತು ಮೊದಲಿನಿಂದ ಕಡೆಯವರೆಗೆ ಓದಿದಳು, ಅಲ್ಲಲ್ಲಿ ಗೆರೆ ಎಳೆದಳು. ತಿದ್ದುತ್ತಿದ್ದಾಳೆ ಎಂದುಕೊಂಡೆ. ಹಾಳೆ ಹಿಂದಿರುಗಿಸಿ, "ಚಲೋ ಬರದೀರಿ. ಆದ್ರ ಊರಿಗೆಲ್ಲಾ ಮೈಕಿನ್ಯಾಗ ನನ್ನ ಹೆಸರು ಹೇಳೂರು, ಇದರಾಗ ನನ್ನ ಏನಂತ ಕರದೀರಿ ನೋಡ್ಕೋರಿ" ಎಂದು ಅಡುಗೆಮನೆಗೆ ಹೋದಳು. ನೋಡಿದೆ. ಗೆರೆ ಎಳೆದದ್ದೆಲ್ಲ ಒಂದೇ ಪದದ ಕೆಳಗೆ: ಇವಳು, ಇವಳು, ಇವಳು. ಒಳಗೆ ರೊಟ್ಟಿ ಬಡಿಯುವ ಸಪ್ಪಳ ಶುರುವಾಯಿತು. ನಾನೀಗ ಸ್ವಲ್ಪ ಕಲಿತಿದ್ದೇನೆ, ಕಿವಿಗೊಟ್ಟು ಕೇಳಿದೆ. ಜೋರಾಗಿಯೇ ಬರುತ್ತಿತ್ತು. ಕುರ್ಚಿಯಿಂದ ಎದ್ದು, ಗಂಟಲು ಸರಿ ಮಾಡಿಕೊಂಡು, ಮೈಕ್ ಇಲ್ಲದೆ, "ಮಲಪ್ರಭಾ" ಎಂದೆ. ನನ್ನ ದನಿ ಅಡುಗೆಮನೆಯವರೆಗೆ ಮುಟ್ಟಲಿಲ್ಲವೆಂದು ಕಾಣುತ್ತದೆ. ಇನ್ನೊಮ್ಮೆ ಕರೆಯಬೇಕು.